ಕೂಲರ್ ಹುಡುಕುತ್ತ ಐದು ತಾಲ್ಲೂಕು

ಬಳೆ ಅಂಗಡಿಗೆ ಬೀಗ ಹಾಕಿ, ಬೆಳಗಿನ ಮೊದಲ ಬಸ್ಸಿಗೇ ಕೂಡ್ಲಿಗಿ ಬಿಟ್ಟೆವು. ಹೆಂಗಸಾದ ನನಗೆ ಟಿಕೆಟ್ ಉಚಿತ, ನಮ್ಮ ಮನೆಯವರಿಗೆ ಮಾತ್ರ ದುಡ್ಡು. "ನಿನ್ನ ಆಟಕ್ಕ ನಾ ಟಿಕೆಟ್ ತಗೀಬೇಕಾತಲ್ಲ ಗೌರಿ," ಎಂದು ಅವರು ಬಸ್ ನಿಲ್ದಾಣ ದಾಟುವ ಮೊದಲೇ ಶುರು ಹಚ್ಚಿಕೊಂಡರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಆಟವೆಂದರೆ ಕಂಪ್ಯೂಟರ್ ಆಟ. ಹಗಲೆಲ್ಲ ಬಳೆ ತೊಡಿಸುವ ನಾನು ಸಂಜೆ ನಾಲ್ವರು ಹೆಂಗಸರ ತಂಡದಲ್ಲಿ ಆನ್‌ಲೈನ್ ಪಂದ್ಯ ಆಡುತ್ತೇನೆ. ಕಂಪ್ಯೂಟರನ್ನು ಜೋಡಿಸಿದವಳೂ ನಾನೇ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಆರಿಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವಳು, ಪ್ರೊಸೆಸರನ್ನು ತಣ್ಣಗಿಡುವ ಕೂಲರಿನ ವಿಷಯಕ್ಕೆ ಬಂದಾಗ ಹಳೆಯ ಕಂಪ್ಯೂಟರಿನ ಪುಟ್ಟ ಫ್ಯಾನನ್ನೇ ಕೂರಿಸಿಬಿಟ್ಟೆ. ಸಾಲದ್ದಕ್ಕೆ ಓವರ್‌ಕ್ಲಾಕ್ ಬೇರೆ, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು. ನಮ್ಮೂರಿನ ಬೇಸಿಗೆಯಲ್ಲಿ ಅದು ಪಂದ್ಯದ ನಡುವೆಯೇ ಕಾದು ಬಂದ್ ಆಗುತ್ತಿತ್ತು.

ಹಿಂದಿನ ದಿನ ತಂಡದ ನಾಯಕಿ, ದಾವಣಗೆರೆಯ ಶಬಾನಾ, ಫೋನ್ ಮಾಡಿದ್ದಳು. "ಅಕ್ಕಾ, ನಾಳೆ ಸಂಜೆನೂ ಆಫ್ ಆದ್ರೆ ನಿಮ್ ಜಾಗಕ್ಕೆ ಬೇರೆಯೋರನ್ನ ಹಾಕ್ತೀನಿ. ಬೇಜಾರಾಗ್ಬೇಡ್ರಿ." ಬೇಜಾರಾಗದೆ ಇನ್ನೇನಾಗುತ್ತದೆ? ಬಳೆ ಅಂಗಡಿ ಬಿಟ್ಟರೆ ನನ್ನದು ಅಂತ ಇರುವುದು ಆ ಜಾಗವೊಂದೇ. "ವೇಗ ಇಳಸು, ಮುಗೀತು," ಎನ್ನುವುದು ನಮ್ಮ ಮನೆಯವರ ಒಂದೇ ಸಲಹೆ. ಇಳಿಸಿದರೆ ಸೋಲುತ್ತೇವೆ ಎಂದು ಎಷ್ಟು ಹೇಳಿದರೂ ಅವರ ತಲೆಗೆ ಹೋಗುವುದಿಲ್ಲ.

ಕೊಟ್ಟೂರಿನಲ್ಲಿ ಮಿರ್ಚಿ, ಮಂಡಕ್ಕಿ ತಿಂದು ಕಂಪ್ಯೂಟರ್ ಅಂಗಡಿ ಹೊಕ್ಕೆವು. ಅಲ್ಲಿದ್ದ ಒಂದೇ ಒಂದು ಕೂಲರಿನ ಕೊಂಡಿ ನಮ್ಮ ಮದರ್‌ಬೋರ್ಡಿಗೆ ಕೂಡುವಂಥದ್ದಲ್ಲ. "ತಂತಿ ಹಾಕಿ ಬಿಗಿದು ಕೊಡ್ತೀನಿ ತಗೋರಿ, ಅಲ್ಲಾಡಂಗಿಲ್ಲ," ಎಂದ ಅಂಗಡಿಯವನು. ಪ್ರೊಸೆಸರಿನ ಮೇಲೆ ಸಮನಾಗಿ ಅದುಮಿ ಕೂರಬೇಕಾದ ವಸ್ತುವನ್ನು ಹುಲ್ಲಿನ ಹೊರೆಯಂತೆ ಕಟ್ಟುತ್ತಾನಂತೆ! ಅಲ್ಲಿಂದ ಸೀದಾ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿದೆವು.

ಫ್ಯಾನಿನ ಬದಲು ನೀರು ಹರಿಸಿ ಪ್ರೊಸೆಸರ್ ತಣಿಸುವ ಕೂಲರೂ ಇರುತ್ತದೆ. ಅಲ್ಲಿ ದೊಡ್ಡ ಅಂಗಡಿಯೊಂದರಲ್ಲಿ "ವಾಟರ್ ಕೂಲಿಂಗ್ ಐತೇನ್ರಿ?" ಎಂದೆ. "ಐತ್ರಿ ಅಕ್ಕಾರ, ಬರ್ರಿ," ಎಂದು ಒಳಗೆ ಕರೆದೊಯ್ದವನು ಎದೆಯೆತ್ತರದ ಏರ್ ಕೂಲರಿನ ಮುಂದೆ ನಿಲ್ಲಿಸಿದ.

"ಇದಲ್ರಿ, ಕಂಪ್ಯೂಟರಿಗೆ!"

"ಕಂಪ್ಯೂಟರ್ ಮುಂದ ಇಡ್ರಿ. ನಿಮಗೂ ತಂಪು, ಅದಕ್ಕೂ ತಂಪು."

ನಮ್ಮ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಹಡಗಲಿ ಮುಟ್ಟುವ ಹೊತ್ತಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ನಿಲ್ದಾಣದ ತುಂಬ ಮಲ್ಲಿಗೆಯ ಘಮ, ಅದನ್ನು ಅನುಭವಿಸುವ ತಾಳ್ಮೆ ಮಾತ್ರ ನನ್ನಲ್ಲಿರಲಿಲ್ಲ. ಅಲ್ಲಿಯ ಅಂಗಡಿಯವನು ಪ್ರಿಂಟರ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲವಂತೆ. ಪುಣ್ಯಾತ್ಮ, ಹರಪನಹಳ್ಳಿಯ ಅಂಗಡಿಯೊಂದರ ನಂಬರಾದರೂ ಕೊಟ್ಟ. ಫೋನ್ ಮಾಡಿ ಎರಡು ಫ್ಯಾನಿನ ದೊಡ್ಡ ಕೂಲರ್ ಕೇಳಿದೆ. ಆ ಕಡೆಯಿಂದ ವಯಸ್ಸಾದ ದನಿ ಮೆತ್ತಗೆ ಹೇಳಿತು: "ಕೂಲರ್ ಹೆಚ್ಚಾಗ್ಯಾವಮ್ಮ."

"ಈಗ ಬಂದ್ವಿ ನೋಡ್ರಿ!" ಎಂದೆ.

"ಬರ್ರಿ, ಬರ್ರಿ."

ಹರಪನಹಳ್ಳಿಯವರೆಗೂ ನಿಂತೇ ಹೋದೆವು. ನನಗದು ಕಷ್ಟವೆನಿಸಲಿಲ್ಲ. ಯಾವ ಬಣ್ಣದ್ದು ತೆಗೆದುಕೊಳ್ಳಲಿ ಎಂಬ ಯೋಚನೆಯಲ್ಲಿದ್ದೆ.

ಅಂಗಡಿಯಲ್ಲಿ ವಿಭೂತಿ ಹಚ್ಚಿಕೊಂಡ ಯಜಮಾನರು ಕೂತಿದ್ದರು. "ಫೋನ್ ಮಾಡಿದ್ವಲ್ರಿ, ಆ ಕೂಲರ್ ಒಂದು ಕೊಡ್ರಿ," ಎಂದೆ.

"ಎಲ್ಲಿಂದ ಕೊಡ್ಲಮ್ಮ? ಹೆಚ್ಚಾಗ್ಯಾವ ಅಂತ ಹೇಳಿದ್ನಲ್ಲ."

ಆಗ ಹೊಳೆಯಿತು. ನಮ್ಮ ಕಡೆ ಡಬ್ಬಿಯಲ್ಲಿ ಅಕ್ಕಿ ತೀರಿದರೆ ತೀರಿತು ಅನ್ನುವುದಿಲ್ಲ, ಹೆಚ್ಚಾಯಿತು ಅನ್ನುತ್ತೇವೆ. ಬಳೆ ಒಡೆದರೂ ಅದೇ ಮಾತು, ಹೆಚ್ಚಾದವು. ದಿನಕ್ಕೆ ಹತ್ತು ಸಲ ನನ್ನ ಬಾಯಲ್ಲೇ ಬರುವ ಮಾತು ಅದು! ಆದರೆ ಕಂಪ್ಯೂಟರ್ ಕೂಲರಿಗೂ ಆ ಮಾತು ಹಚ್ಚುವವರು ಇರುತ್ತಾರೆಂದು ಯಾರಿಗೆ ಗೊತ್ತು?

"ಇಲ್ಲ ಅಂತ ಒಂದು ಮಾತು ಹೇಳಬಾರ್ದೇನ್ರಿ?" ಎಂದು ಸಿಡುಕಿದೆ.

"ಇನ್ನೂ ಬೋಣಿ ಆಗಿದ್ದಿಲ್ಲಮ್ಮ, ಇಲ್ಲ ಅಂತ ಹೆಂಗ ಅನ್ಲಿ?"

"ಮತ್ತೆ ಬರ್ರಿ ಅಂತ್ಯಾಕ ಅಂದ್ರಿ?"

"ಬರ್ತೀನಿ ಅಂದೋರಿಗೆ ಬ್ಯಾಡ ಅನ್ನಾಕ ಆಕ್ಕತೇನಮ್ಮ?" ಎನ್ನುತ್ತ ಅವರು ಚಹಾ ತರಿಸಿದರು. ಸಿಟ್ಟಿನಲ್ಲೇ ಕುಡಿದು ನಾಲಿಗೆ ಸುಟ್ಟುಕೊಂಡೆ. ನಮ್ಮ ಮನೆಯವರು ಈ ಸಲ ನಗಲಿಲ್ಲ. ಪಾಪ ಅನ್ನಿಸಿರಬೇಕು, ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಸೀಟು ನನಗೇ ಬಿಟ್ಟುಕೊಟ್ಟರು.

ಪಂದ್ಯಕ್ಕೆ ಸ್ವಲ್ಪ ಮುಂಚೆ ಮನೆ ಸೇರಿದೆವು. ಬೇರೆ ದಾರಿಯೇ ಇರಲಿಲ್ಲ. ಹಲ್ಲು ಕಚ್ಚಿಕೊಂಡು ವೇಗವನ್ನು ಕಂಪನಿ ಇಟ್ಟಲ್ಲಿಗೇ ಇಳಿಸಿ ಆಡಲು ಕೂತೆ. ಕಂಪ್ಯೂಟರ್ ಒಮ್ಮೆಯೂ ಬಂದ್ ಆಗಲಿಲ್ಲ. ಆಟ ಎಲ್ಲೂ ತಡವರಿಸಲೂ ಇಲ್ಲ. ನಾವು ಸೋತೆವು, ಎಲ್ಲರಿಗಿಂತ ಮೊದಲು ಔಟಾದವಳು ನಾನೇ.

"ಮಷೀನ್ ಏನಾಯ್ತಕ್ಕಾ?" ಎಂದು ಶಬಾನಾ ಕೇಳಿದಳು.

ನಮ್ಮ ಮನೆಯವರು ಪಕ್ಕದಲ್ಲೇ ನಿಂತಿದ್ದರು. "ಮಷೀನ್ ಚಲೋನ ಐತಿ," ಎಂದೆ.