ಎರಡೂವರೆಯ ತೀರ್ಪು

ಚಾಮರಾಜಪೇಟೆಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುವ ಸಂಘದಲ್ಲಿ ಯಾರೂ ಯಾರಿಗೂ ‘ಇಲ್ಲ’ ಎನ್ನುವುದಿಲ್ಲ. ‘ಹೌದು’ ಎನ್ನುವ ಧೈರ್ಯವೂ ಯಾರಿಗೂ ಇಲ್ಲ. ವಾರ್ಷಿಕೋತ್ಸವದ ಊಟಕ್ಕೆ ಒಂದು ಗುಂಪು ಹೋಳಿಗೆ ಕೇಳಿದರೆ, ಇನ್ನೊಂದು ಗುಂಪು ಜಾಮೂನು ಕೇಳಿದರೆ, ಅಧ್ಯಕ್ಷರು ಎಲ್ಲರ ಎಲೆಗೂ ಅರ್ಧ ಹೋಳಿಗೆ, ಒಂದು ಜಾಮೂನು ಹಾಕಿಸುತ್ತಾರೆ. ಇದನ್ನು ಅವರು ಸಮನ್ವಯ ಎಂದು ಕರೆಯುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ಇಷ್ಟು ದೊಡ್ಡ ಹೆಸರು ಬೇಕಾಗಿಲ್ಲ ಎಂದು ನನಗೆ ಮೊದಲಿನಿಂದಲೂ ಅನ್ನಿಸಿದೆ.

ಸಂಘ ಒಂದು ಕಾಲದಲ್ಲಿ ನಡೆಸುತ್ತಿದ್ದ ಮಾಸಪತ್ರಿಕೆಯ ಸಂಪುಟಗಳು ನೆಲಮಹಡಿಯ ಕಪಾಟುಗಳಲ್ಲಿ ಪುಡಿಯಾಗುತ್ತಿದ್ದವು. ಮುಟ್ಟಿದರೆ ಅಂಚು ಉದುರುತ್ತಿತ್ತು. ಅವನ್ನು ಸ್ಕ್ಯಾನ್ ಮಾಡಲು ಬಸವನಗುಡಿಯಿಂದ ಒಬ್ಬ ಹೆಂಗಸು ಬರುತ್ತಿದ್ದರು. ಐವತ್ತು ದಾಟಿದವರು, ಮಾತು ಕಡಿಮೆ. ಅವರ ತಂದೆ ಅದೇ ಪತ್ರಿಕೆಗೆ ಅಚ್ಚುಮೊಳೆ ಜೋಡಿಸುತ್ತಿದ್ದವರು. ಒಮ್ಮೆ ಒಂದು ಪುಟದಲ್ಲಿ ತಲೆಕೆಳಗಾಗಿ ಕೂತಿದ್ದ ಅಕ್ಷರವೊಂದನ್ನು ತೋರಿಸಿ, “ಅವತ್ತು ಅಪ್ಪಂಗೆ ಜ್ವರ ಇತ್ತೇನೋ” ಎಂದಿದ್ದರು. ಮುಂದಿನ ಸರ್ವಸದಸ್ಯರ ಸಭೆಯೊಳಗೆ ಕೆಲಸ ಮುಗಿಯದಿದ್ದರೆ ನಿಲ್ಲಿಸಿಬಿಡುವುದೆಂದು ಸಮಿತಿ ಹೇಳಿತ್ತು. ಆ ಕಪಾಟುಗಳಿದ್ದ ಕೋಣೆಯ ಮೇಲೆ ಎಲ್ಲರ ಕಣ್ಣಿತ್ತು. ನಿಂತರೆ ಸಂಪುಟಗಳು ಎಲ್ಲಿಗೆ ಹೋಗುತ್ತವೆ ಎಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸ್ಕ್ಯಾನ್ ಆಗುತ್ತಿದ್ದುದು ಕೆಳಗೆ. ಚಿತ್ರಗಳು ಉಳಿಯುತ್ತಿದ್ದುದೂ ಕೆಳಗಿನ ಸರ್ವರಿನಲ್ಲಿ. ಅವನ್ನು ತೆರೆದು, ಕಲೆ ತೆಗೆದು, ಪುಟ ಪುಟ ಪರೀಕ್ಷಿಸುವ ಅವರ ಕಂಪ್ಯೂಟರ್ ಮಾತ್ರ ಎರಡನೇ ಮಹಡಿಯಲ್ಲಿ. ನಡುವೆ ಗೋಡೆಯೊಳಗೆ ಹುದುಗಿಸಿದ ಹಳೆಯ ತಂತಿ. ಅದರಲ್ಲಿ ಒಂದು ಗಿಗಾಬಿಟ್ ವೇಗದಲ್ಲಿ ಚಿತ್ರಗಳು ನಿಧಾನವಾಗಿಯಾದರೂ ನೆಟ್ಟಗೆ ಬರುತ್ತಿದ್ದವು. ಸ್ವಲ್ಪ ಬೇಗ ಬಂದರೆ ಸಭೆಯೊಳಗೆ ಮುಗಿಸಬಹುದು ಎಂದು ಅವರು ಕೇಳಿದರು. ಕೇಳಿದ್ದೇ ತಪ್ಪಾಯಿತು. ವಿಷಯ ಸಮಿತಿಗೆ ಹೋಯಿತು.

ಅಕ್ಕಿಪೇಟೆಯ ಹಿರಿಯ ವರ್ತಕರೊಬ್ಬರು, “ಒಂದೇ ಸಾಕ್ರೀ, ನಮ್ಮನೇಲೂ ಅಷ್ಟೇ ಇರೋದು” ಎಂದರು. ಸೈಟು ವ್ಯವಹಾರದ ಯುವ ಸದಸ್ಯ, “ಹಾಕ್ಸೋದಾದ್ರೆ ಹತ್ತು ಹಾಕ್ಸಿ, ಕಾಲ ಎಲ್ಲಿಗ್ ಹೋಗಿದೆ” ಎಂದ. ನಾನು ಎದ್ದು, ಆ ತಂತಿ ಹತ್ತನ್ನು ತಾಳುವುದಿಲ್ಲ, ಎರಡೂವರೆ ತಾಳುತ್ತದೆ, ಆದರೆ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಯೂ ಎರಡೂವರೆ ಗೊತ್ತಿರುವ ಸ್ವಿಚ್ಚೇ ಆಗಬೇಕು ಎಂದು ಹೇಳಿದೆ. ಅಧ್ಯಕ್ಷರ ಕಿವಿಗೆ ಬಿದ್ದದ್ದು ನಡುವಿನ ಒಂದು ಪದ.

“ಒಂದೂ ಬೇಡ, ಹತ್ತೂ ಬೇಡ. ಎರಡೂವರೆ. ಏನಂತೀರಿ?”

ಚಪ್ಪಾಳೆ ಬಿತ್ತು. ಖರೀದಿಯಲ್ಲೂ ಅದೇ ನ್ಯಾಯ. ಹತ್ತರ ಸ್ವಿಚ್ಚು ಯುವಕನ ಕಡೆಯ ಅಂಗಡಿಯಿಂದ. ಅದರ ಕಿಂಡಿಗೆ ತೂರಿಸಿ ತಂತಿ ಸಿಕ್ಕಿಸಬೇಕಾದ ಬೆರಳುದ್ದದ ಮಾಡ್ಯೂಲು, ಅದು ಎರಡೂವರೆಯದು, ಹಿರಿಯರ ಬೀಗರ ನಗರ್ತಪೇಟೆಯ ಅಂಗಡಿಯಿಂದ. ಎರಡು ಗುಂಪಿಗೂ ಸಮಾಧಾನ. ಎರಡಕ್ಕೂ ಪರಸ್ಪರ ಹೊಂದುತ್ತದೆಯೇ ಎಂದು ಕೇಳಿದವನು ನಾನೊಬ್ಬನೇ. ಗಂಡು ಹೆಣ್ಣಿಗಾದರೆ ಜಾತಕ ನೋಡಿಸುವ ಈ ಜನ ಇದಕ್ಕೆ ಒಂದು ಕಾಗದ ತಿರುವಿ ನೋಡಲಿಲ್ಲ.

ಆ ಸ್ವಿಚ್ಚಿಗೆ ಹತ್ತು ಗೊತ್ತು, ಒಂದು ಗೊತ್ತು, ನಡುವಿನದು ಗೊತ್ತಿಲ್ಲ. ಮಾಡ್ಯೂಲು ಮಹಾ ಚಾಲಾಕಿ. ಸ್ವಿಚ್ಚಿನ ಕಡೆ ತಿರುಗಿ ‘ಹತ್ತು’ ಎನ್ನುತ್ತಿತ್ತು, ತಂತಿಯ ಕಡೆ ತಿರುಗಿ ‘ಎರಡೂವರೆ’ ಎನ್ನುತ್ತಿತ್ತು, ಎರಡೂ ಮನೆಗೆ ಒಂದೊಂದು ಸುಳ್ಳು ಹೇಳಿ ಮದುವೆ ಕುದುರಿಸುವ ದಲ್ಲಾಳಿಯ ಹಾಗೆ. ಅದರ ಮಾತು ನಂಬಿ ಸ್ವಿಚ್ಚು ಹತ್ತರ ಲೆಕ್ಕದಲ್ಲೇ ಸುರಿಯುತ್ತಿತ್ತು. ಮಾಡ್ಯೂಲಿನ ಪುಟ್ಟ ಹೊಟ್ಟೆ ತುಂಬಿದ ಮೇಲೆ ಮಿಕ್ಕಿದ್ದೆಲ್ಲ ಚೆಲ್ಲಿಹೋಗುತ್ತಿತ್ತು. ಚೆಲ್ಲಿದ್ದನ್ನು ಮತ್ತೆ ಕಳಿಸಬೇಕು, ಅದೂ ಚೆಲ್ಲುತ್ತಿತ್ತು. ಮೇಲಿನ ಪರದೆಯಲ್ಲಿ ಪುಟ ಅರ್ಧ ಮೂಡಿ ನಿಂತುಬಿಡುತ್ತಿತ್ತು. ಮೊದಲಿದ್ದ ಒಂದಕ್ಕಿಂತಲೂ ನಿಧಾನ. ಆದರೆ ಕಚೇರಿಯ ಮಾನಿಟರಿನಲ್ಲಿ ಹಸಿರು ಅಕ್ಷರದಲ್ಲಿ ‘ಹತ್ತು’ ಎಂದೇ ಕಾಣುತ್ತಿತ್ತು. ಅಧ್ಯಕ್ಷರು ಬಂದುಹೋದವರಿಗೆಲ್ಲ ಅದನ್ನು ದೇವರ ಫೋಟೋದಂತೆ ತೋರಿಸುತ್ತಿದ್ದರು.

ಒಂದು ದಿನ ನಾನು ಆ ಮಾಡ್ಯೂಲನ್ನು ಕಿತ್ತು, ಒಂದರ ಹಳೆಯ ಮಾಡ್ಯೂಲೊಂದನ್ನು ಹಾಕಿದೆ. ಪುಟಗಳು ಮತ್ತೆ ಮೊದಲಿನಂತೆ ನೆಟ್ಟಗೆ ಬರತೊಡಗಿದವು. ಸಂಜೆ ಯುವಕ ಬಂದು ಮಾನಿಟರ್ ನೋಡಿ, “ಯಾರ್ರೀ ಹತ್ತನ್ನ ಒಂದಕ್ಕಿಳಿಸಿದ್ದು?” ಎಂದು ಕಟ್ಟಡ ಹಾರಿಹೋಗುವ ಹಾಗೆ ಕೂಗಾಡಿದ. ಮರುದಿನ ಅಧ್ಯಕ್ಷರು ನನ್ನನ್ನು ಕರೆಸಿದರು.

“ಹೊಸದನ್ನೇ ವಾಪಸ್ ಹಾಕ್ಬಿಡಿ. ಅವರ ಮನಸ್ಸೂ ನೋಯ್ಬಾರ್ದು, ಇವರ ಮನಸ್ಸೂ ನೋಯ್ಬಾರ್ದು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

“ಯಾರು ಸಾರ್ ಅಡ್ಜಸ್ಟ್ ಮಾಡ್ಕೋಬೇಕಾದ್ದು? ನಾನಾ, ಮೇಡಮ್ಮಾ, ಸ್ವಿಚ್ಚಾ?”

ಅವರು ನಕ್ಕು ಕಾಫಿ ತರಿಸಿದರು. ಆ ನಗುವನ್ನು ನಾನು ಈಗಲೂ ಕ್ಷಮಿಸಿಲ್ಲ.

ಸಭೆಯ ದಿನ ಬಂದಾಗ ಅರ್ಧಕ್ಕರ್ಧ ಸಂಪುಟಗಳು ಉಳಿದೇ ಇದ್ದವು. ಆಕೆ ಕೊನೆಯ ಸಾಲಿನ ಕುರ್ಚಿಯಲ್ಲಿ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದರು. ತಂತಿಯ ತೊಂದರೆ ಎಂದು ಅವರು ಹೇಳಿದರೆ, ಯುವಕ ಕೂತಲ್ಲಿಂದಲೇ, “ಕುಣಿಲಾರದೋಳು ನೆಲ ಡೊಂಕು ಅಂದ್ಳಂತೆ” ಎಂದ. ನಾಲ್ಕು ಜನ ನಕ್ಕರು. ನನಗೆ ಮೈ ಉರಿದುಹೋಯಿತು. ಎದ್ದು ನಿಂತು ಸ್ವಿಚ್ಚು, ಮಾಡ್ಯೂಲು, ಸುಳ್ಳು ಹತ್ತು, ಎಲ್ಲವನ್ನೂ ಬಿಡಿಸಿ ಹೇಳಿದೆ. ನೆಲ ನಿಜವಾಗಿಯೂ ಡೊಂಕು, ಡೊಂಕು ಮಾಡಿದವರು ನೀವು ಎಂದೂ ಹೇಳಿದೆ. ಸಭೆ ಗಂಟಲು ಸರಿಮಾಡಿಕೊಂಡಿತು. ಎಲ್ಲರೂ ಅಧ್ಯಕ್ಷರ ಮುಖ ನೋಡಿದರು. ಅವರು ಕಣ್ಣುಮುಚ್ಚಿ, ಪ್ರಸಾದ ಹಂಚುವ ದನಿಯಲ್ಲಿ ತೀರ್ಪು ಕೊಟ್ಟರು.

“ಕೆಲಸ ಪೂರ್ತಿ ನಿಲ್ಸೋದೂ ಬೇಡ, ಪೂರ್ತಿ ನಡ್ಸೋದೂ ಬೇಡ. ಉಳಿದಿದ್ರಲ್ಲಿ ಅರ್ಧ ಸಂಪುಟ ಮಾಡ್ಲಿ, ಮಿಕ್ಕಿದ್ದು ಬಿಡ್ಲಿ.”

“ಯಾವ ಅರ್ಧ ಸಾರ್?” ಎಂದರು ಆಕೆ.

“ನಿಮಗ್ಯಾವುದು ಇಷ್ಟಾನೋ ಅದು. ನಿಮ್ಮ ತಂದೆಯವರ ಕಾಲದ್ದೇ ಮಾಡ್ಕೊಳ್ಳಿ.”

ಅಧ್ಯಕ್ಷರು ಇದನ್ನು ಔದಾರ್ಯವೆಂದೇ ತಿಳಿದು ಹೇಳಿದರು. ಆಕೆ ಎದ್ದು ನಿಂತರು.

“ನಮ್ಮಪ್ಪಂದು ಉಳಿಸ್ಕೊಂಡು ಮಿಕ್ಕೋರ್ದನ್ನ ನನ್ನ ಕೈಯಾರೆ ಗುಜರಿಗೆ ಹಾಕ್ಲಾ? ಬೇಡ.”

ಅಷ್ಟೇ. ಕೈಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಆ ಸಭಾಂಗಣದಲ್ಲಿ ಅಷ್ಟು ನೆಟ್ಟಗಿನ ಒಂದು ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅದನ್ನು ಯಾವ ಎರಡರ ನಡುವೆ ಇಡಬೇಕೆಂದು ತಿಳಿಯದೆ ಅಧ್ಯಕ್ಷರು ಊಟಕ್ಕೆ ಏಳಿ ಎಂದರು.

ಆಮೇಲೆ ಎರಡೂವರೆ ಗೊತ್ತಿರುವ ಸ್ವಿಚ್ಚು ಬಂತು. ಆ ವಿಷಯದಲ್ಲಿ ಈಗ ಯಾರಿಗೂ ಪ್ರತಿಷ್ಠೆ ಇರಲಿಲ್ಲವಾದ್ದರಿಂದ ಯಾವ ಚರ್ಚೆಯೂ ಇಲ್ಲದೆ ಬಂತು. ಅಷ್ಟರಲ್ಲಿ ಕೆಳಗಿನ ಕೋಣೆ ಖಾಲಿಯಾಗಿ, ಅಲ್ಲಿ ಮಡಿಸುವ ಕುರ್ಚಿಗಳನ್ನು ಪೇರಿಸಿದ್ದರು. ನಾನು ಎರಡನೇ ಮಹಡಿಗೆ ಹೋಗಿ, ಆಕೆಯ ಕಂಪ್ಯೂಟರ್ ಹಾಕಿ, ಅವರು ಕೊನೆಗೆ ಸ್ಕ್ಯಾನ್ ಮಾಡಿದ ಪುಟವನ್ನು ತೆರೆದೆ. ಒತ್ತಿದ ಬೆರಳು ಎತ್ತುವಷ್ಟರಲ್ಲಿ ಪುಟ ಪೂರ್ತಿ ಬಂದು ನಿಂತಿತು, ಒಂದು ಅಕ್ಷರವೂ ಬಿಟ್ಟುಹೋಗದೆ. ಮುಂದಿನ ಪುಟಕ್ಕೆ ಒತ್ತಿದೆ. ಮುಂದಿನ ಪುಟ ಇರಲಿಲ್ಲ.