ಯಾರದೆಂದು ಗೊತ್ತಿಲ್ಲದ ಸರ್ವರ್

ಮದರಾಸಿನ ಪೆರುಂಗುಡಿಯ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ನನ್ನ ಕೆಲಸ ಇಂಗ್ಲಿಷ್ ಹೇಳಿಕೊಡುವುದು. ಹೊಸದಾಗಿ ಸೇರಿದ ಇಂಜಿನಿಯರುಗಳಿಗೆ ಮೇಲ್ ಬರೆಯುವುದು ಹೇಗೆ, ಹೊರದೇಶದ ಗ್ರಾಹಕರ ಜೊತೆ ಫೋನಿನಲ್ಲಿ ತಡವರಿಸದೆ ಮಾತಾಡುವುದು ಹೇಗೆ ಎಂದು ಕಲಿಸುತ್ತೇನೆ. ಅವರು ಮಾಡುವ ಕೆಲಸವೇನು ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ಬಹಳ ವರ್ಷ ಸುಖವಾಗಿದ್ದೆ.

ಒಂದು ಬೆಳಿಗ್ಗೆ ನನ್ನ ಮ್ಯಾನೇಜರ್ ಕರೆದರು. ಅವರು ಮದುರೆ ಕಡೆಯವರು, ನಮ್ಮಿಬ್ಬರ ಮಾತೆಲ್ಲ ತಮಿಳಿನಲ್ಲಿ. ಲೆಕ್ಕಪತ್ರದವರಿಗೆ, ನೇಮಕಾತಿಯವರಿಗೆ, ಸಿಬ್ಬಂದಿಯ ವ್ಯಾನುಗಳನ್ನು ನೋಡಿಕೊಳ್ಳುವವರಿಗೆ ಕ್ಲೌಡ್, ಸರ್ವರ್ ಎಂಬ ಮಾತುಗಳು ತಲೆಗೆ ಹತ್ತುತ್ತಿಲ್ಲವಂತೆ. ಅವರಿಗಾಗಿ ಸರಳವಾಗಿ ಒಂದು ಕೈಪಿಡಿ ಬರೆದು ಒಂದು ತರಗತಿಯನ್ನೂ ತೆಗೆದುಕೊಳ್ಳಬೇಕಂತೆ.

"ನನಗೇ ಗೊತ್ತಿಲ್ಲವಲ್ಲ ಮೇಡಂ."

"ಅದಕ್ಕೇ ನಿಮ್ಮನ್ನ ಕರೆದದ್ದು. ಗೊತ್ತಿರೋರು ಬರೆದದ್ದು ಅವರಿಗೆ ಮಾತ್ರ ಅರ್ಥ ಆಗುತ್ತೆ" ಎಂದು ಅವರು ತಮ್ಮ ಲ್ಯಾಪ್‌ಟಾಪ್ ಕಡೆ ತಿರುಗಿದರು.

ಮೊದಲು ಮನೆಯಲ್ಲೇ ಕೇಳಿದೆ. ನಮ್ಮದು ಕೆಲವು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಕನ್ನಡದ ಮನೆ. ನನ್ನ ಕನ್ನಡದಲ್ಲಿ ಅರ್ಧ ತಮಿಳು. ಹೈಸ್ಕೂಲಿನಲ್ಲಿರುವ ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

"ನಿನ್ನ ಫೋಟೋ ಎಲ್ಲಾ ಕ್ಲೌಡಲ್ಲಿದೆ ಅಂತೀಯಲ್ಲ, ಅದು ಎಲ್ಲಿದೆಯೇ?"

"ಮೇಲ ಇರುಕ್ಕುಮ್ಮಾ" ಎಂದು ಅವಳು ಫೋನಿನಿಂದ ತಲೆಯೆತ್ತದೆ ಬೆರಳನ್ನು ಮೇಲಕ್ಕೆ ತೋರಿಸಿದಳು. ನೋಡಿದೆ. ಮೇಲೆ ಫ್ಯಾನು ತಿರುಗುತ್ತಿತ್ತು.

ಮರುದಿನ ಕಚೇರಿಯಲ್ಲಿ ಹುಬ್ಬಳ್ಳಿಯ ಇಂಜಿನಿಯರನ್ನು ಹಿಡಿದೆ. ಕಂಪನಿಯ ಕಂಪ್ಯೂಟರುಗಳನ್ನು ಕ್ಲೌಡಿಗೆ ಸಾಗಿಸುವ ತಂಡದವನು. ಕನ್ನಡದಲ್ಲಿ ಕೇಳಿದರೆ ಸುಲಭವಾಗಬಹುದೆಂಬ ಆಸೆ ನನಗೆ.

"ಬಾಡಿಗಿ ಮನಿ ಇದ್ದಂಗ್ರೀ ಮೇಡಂ" ಎಂದ. "ಕಂಪ್ಯೂಟರ್ ನಾವು ಕೊಳ್ಳೂದಿಲ್ಲ. ಬ್ಯಾರೆಯವರು ದೊಡ್ಡ ಕಟ್ಟಡದಾಗ ಸಾವಿರಗಟ್ಟಲೆ ಇಟ್ಟಿರ್ತಾರ. ನಾವು ಇಲ್ಲಿಂದ ಇಂಟರ್ನೆಟ್ ಮ್ಯಾಲ ಬಳಸ್ತೀವಿ, ಬಳಸಿದಷ್ಟಕ್ಕ ಬಾಡಿಗಿ ಕೊಡ್ತೀವಿ."

"ಆ ಕಟ್ಟಡ ಎಲ್ಲಿದೆ?"

"ನಮ್ಮದು ಮುಂಬೈ ಕಡೆ ಅದ. ಅದಕ್ಕ ರೀಜನ್ ಅಂತಾರ್ರೀ."

"ಆಕಾಶದಲ್ಲಿ ಏನೂ ಇಲ್ಲವಾ?"

"ಏನೂ ಇಲ್ರೀ. ನೆಲದ ಮ್ಯಾಲ ಅದ, ಸಿಮೆಂಟ್ ಕಟ್ಟಡ."

ಅಲ್ಲಿಯವರೆಗೆ ಚೆನ್ನಾಗಿತ್ತು. ನಂತರ ವರ್ಚುವಲ್ ಮಷೀನ್ ಅಂದರೇನು ಎಂದು ಕೇಳಿದೆ.

"ಒಂದ ದೊಡ್ಡ ಕಂಪ್ಯೂಟರ್ ಒಳಗ ಹತ್ತು ಸಣ್ಣ ಕಂಪ್ಯೂಟರ್ ಅದಾವು ಅಂತ ನಂಬಸೂದು."

"ಯಾರನ್ನ ನಂಬಿಸೋದು? ನಮ್ಮನ್ನಾ?"

"ಕಂಪ್ಯೂಟರನ್ನ ರೀ."

"ನನಗೆ ಪುರೀತಾ ಇಲ್ಲ" ಎಂದೆ. ಅರ್ಥವಾಗುತ್ತಿಲ್ಲ ಎನ್ನಲು ನಮ್ಮ ಮನೆಯಲ್ಲಿ ಹೀಗೇ ಹೇಳುವುದು, ತಮಿಳಿನಿಂದ ಬಂದ ಮಾತು.

"ಪೂರಿ ಬ್ಯಾಡ್ರೀ, ಈಗರ ನಾಷ್ಟಾ ಆಗೇತಿ" ಎಂದ ಅವನು.

ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಇಬ್ಬರಿಗೂ ನಗು. ಆಮೇಲೆ ಅವನು ಸರ್ವರ್‌ಲೆಸ್ ಎಂಬುದಕ್ಕೆ ಬಂದ. ಸರ್ವರ್ ಇಲ್ಲದ್ದು ಎಂದುಕೊಂಡೆ. ಇಲ್ಲವಂತೆ, ಸರ್ವರ್ ಇರುತ್ತದಂತೆ. ಅದನ್ನು ನೋಡಿಕೊಳ್ಳುವ ಚಿಂತೆ ನಮಗಿಲ್ಲ, ಅದಕ್ಕೆ ಆ ಹೆಸರು. ಹಾಗಾದರೆ ಅಡುಗೆಯವರಿರುವ ಮನೆಯನ್ನು ಒಲೆಯಿಲ್ಲದ ಮನೆ ಎನ್ನಬಹುದೇ? ಅವನು ಅನ್ನಬಹುದು ಎಂದ. ನನಗೆ ಅನ್ನಬಹುದೆಂದು ಅನ್ನಿಸಲಿಲ್ಲ.

ನನ್ನ ಕಷ್ಟಕ್ಕೆ ಕಾರಣ ನಾನು ಕಲಿಸುವ ಇಂಗ್ಲಿಷೇ ಆಗಿತ್ತು. ಇನ್ಸ್‌ಟನ್ಸ್ ಎಂದರೆ ಉದಾಹರಣೆ ಎಂದು ಕಲಿಸಿದವಳು ನಾನು. ಇವರಿಗೆ ಅದು ಕ್ಲೌಡಿನಲ್ಲಿ ಬಾಡಿಗೆಗೆ ತಗೊಂಡ ಒಂದು ಕಂಪ್ಯೂಟರು. ರಿಡಂಡೆಂಟ್ ಎಂದರೆ ಅನವಶ್ಯಕ, ಬರವಣಿಗೆಯಲ್ಲಿ ಅದು ದೋಷ ಎಂದು ಎಷ್ಟೋ ಮೇಲ್‌ಗಳಲ್ಲಿ ಕೆಂಪು ಗೆರೆ ಎಳೆದಿದ್ದೆ. ಇವರಲ್ಲಿ ಅದು ಗುಣ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಬೇಕೆಂತಲೇ ಹೆಚ್ಚಿಗೆ ಇಡುವುದು. ಹಾಗಾದರೆ ಅದೇ ಬ್ಯಾಕಪ್ ಅಲ್ಲವೇ ಎಂದರೆ, ಅಲ್ಲ. ಬ್ಯಾಕಪ್ ಎಂದರೆ ಎತ್ತಿಟ್ಟ ಪ್ರತಿ. ಕಳೆದುಹೋದದ್ದನ್ನು ಅದರಿಂದ ಮರಳಿ ಪಡೆಯುವುದು. ತಲೆಯಾಡಿಸಿ ಎದ್ದುಬಂದೆ.

ಅನುಮಾನ ತೀರಲಿ ಎಂದು ಅದೇ ತಂಡದ ಹಿರಿಯ ಇಂಜಿನಿಯರ ಬಳಿ ಹೋದೆ. ಮೈಲಾಪುರದವರು, ನಿಧಾನದ ಮನುಷ್ಯ. ನಾನು ಬಾಡಿಗೆ ಮನೆ ಎಂದದ್ದೇ ತಡ, ಕನ್ನಡಕ ತೆಗೆದರು.

"ಯಾರು ಹೇಳಿದ್ದು? ಕ್ಲೌಡ್ ಒಂದು ಜಾಗ ಅಲ್ಲಮ್ಮಾ, ಒಂದು ವಿಧಾನ. ಬೇಕಾದಾಗ ಬೇಕಾದಷ್ಟು ಕಂಪ್ಯೂಟರ್ ಶಕ್ತಿ ಸಿಗಬೇಕು, ಬೇಡವಾದಾಗ ಬಿಡಬೇಕು. ಅದನ್ನ ಸ್ವಂತ ಕಟ್ಟಡದಲ್ಲೂ ಮಾಡಬಹುದು."

ಒಬ್ಬರಿಗೆ ಅದು ಮುಂಬೈಯ ಕಟ್ಟಡ, ಇನ್ನೊಬ್ಬರಿಗೆ ಜಾಗವೇ ಅಲ್ಲ. ಆ ಸಂಜೆ ರೇಡಿಯಲ್ ರಸ್ತೆಯಲ್ಲಿ ಕಂಪನಿಯ ವ್ಯಾನು ನಿಂತುನಿಂತು ನಮ್ಮ ಮನೆಯಿರುವ ಕ್ರೋಂಪೇಟೆಗೆ ಹೋಗುವಾಗ, ಇವರಲ್ಲಿ ಯಾರ ಮಾತನ್ನು ಬರೆಯಲಿ ಎಂದು ಯೋಚಿಸಿ ಯೋಚಿಸಿ ನನ್ನ ಸ್ಟಾಪು ದಾಟಿಹೋಯಿತು.

ತರಗತಿಯ ದಿನ ಧೈರ್ಯಕ್ಕೆ ಇಬ್ಬರನ್ನೂ ಕರೆದೆ. ಮ್ಯಾನೇಜರ್ ಹಿಂದಿನ ಸಾಲಿನಲ್ಲಿ ಕೂತಿದ್ದರು. ಸರ್ವರ್ ಎಂದರೆ ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಕೊಡುತ್ತ ಸದಾ ಎಚ್ಚರವಾಗಿರುವ ಕಂಪ್ಯೂಟರ್ ಎಂದು ಶುರುಮಾಡಿದೆ. ನಮ್ಮ ಕಂಪನಿಯ ಸರ್ವರುಗಳೆಲ್ಲ ಈಗ ಕ್ಲೌಡಿಗೆ ಹೋಗಿವೆ ಎಂದೂ ಹೇಳಿದೆ. ಲೆಕ್ಕಪತ್ರದ ಹೆಂಗಸೊಬ್ಬರು ಕೈಯೆತ್ತಿದರು.

"ಎಲ್ಲಾ ಹೋಗಿದ್ದರೆ, ಮೂರನೇ ಮಹಡಿಯ ಸರ್ವರ್ ರೂಮಲ್ಲಿ ಏಸಿ ಯಾಕೆ ಹಗಲೂರಾತ್ರಿ ಓಡ್ತಿದೆ?"

ನಾನು ಹುಬ್ಬಳ್ಳಿಯವನನ್ನು ನೋಡಿದೆ. ಅವನು ಹಿರಿಯರನ್ನು ನೋಡಿದ. ಅಲ್ಲಿ ನೆಟ್‌ವರ್ಕ್ ಪೆಟ್ಟಿಗೆಗಳು ಮಾತ್ರ ಇವೆ ಎಂದರು ಹಿರಿಯರು. ಇಲ್ಲ, ಟೇಬಲ್ಲಿನ ಕೆಳಗೆ ಒಂದು ಹಳೆಯ ಸರ್ವರ್ ಇದೆ, ಅದು ನಿಮ್ಮದೆಂದುಕೊಂಡಿದ್ದೆ ಎಂದ ಹುಬ್ಬಳ್ಳಿಯವನು. ಓ, ಅದಾ, ಅದು ನಿನ್ನದು ಅಂದುಕೊಂಡಿದ್ದೆ ಎಂದರು ಹಿರಿಯರು. ನನ್ನ ತರಗತಿ ಅಲ್ಲಿಗೆ ನಿಂತಿತು.

"ಬನ್ನಿ, ನೋಡೋಣ" ಎಂದು ಮ್ಯಾನೇಜರ್ ಎದ್ದರು. ನಾವು ನಾಲ್ವರು ಮೂರನೇ ಮಹಡಿಗೆ ಹೋದೆವು. ಹಿರಿಯರು ತಮ್ಮ ಕಾರ್ಡನ್ನು ಬಾಗಿಲಿನ ಪಕ್ಕದ ಡಬ್ಬಿಗೆ ತೋರಿಸಿ ಒಳಗೆ ಕರೆದುಕೊಂಡುಹೋದರು. ಟೇಬಲ್ಲಿನ ಕೆಳಗೆ ಧೂಳು ಹಿಡಿದ ಒಂದು ಕರಿ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಯಾರು ಇಟ್ಟರು, ಏನು ಮಾಡುತ್ತದೆ, ಒಂದೂ ತಿಳಿಯದು. ಅವರಿಬ್ಬರೂ ಕೆಲಸಕ್ಕೆ ಸೇರುವ ಮೊದಲಿನಿಂದ ಇದ್ದದ್ದು.

"ಆಫ್ ಮಾಡೋಣ. ಯಾರದೋ ಅವರು ಕೂಗ್ತಾರೆ" ಎಂದರು ಹಿರಿಯರು. ಇದೂ ಒಂದು ಶಾಸ್ತ್ರೀಯ ವಿಧಾನವೇ ಎಂದು ಕೇಳಿದೆ. ಹೌದಂತೆ.

ಆಫ್ ಮಾಡಿ ಹೊರಗೆ ಬಂದು ಕಾದೆವು. ಯಾರೂ ಕೂಗಲಿಲ್ಲ. ಮ್ಯಾನೇಜರ್ ಸಮಾಧಾನದಿಂದ ಉಸಿರುಬಿಟ್ಟರು. ಅಷ್ಟರಲ್ಲಿ ಕಾರಿಡಾರಿನ ಆ ತುದಿಯಲ್ಲಿ ಗಾಜಿನ ಬಾಗಿಲಿನ ಹೊರಗೆ ಊಟಕ್ಕೆ ಹೋಗಿ ಬಂದವರು ಕಾರ್ಡು ತೋರಿಸುತ್ತ ನಿಂತಿರುವುದು ಕಂಡಿತು. ಬಾಗಿಲು ತೆರೆಯುತ್ತಿರಲಿಲ್ಲ. ಅವರ ಹಿಂದೆ ಇನ್ನಷ್ಟು ಜನ ಬಂದು ಸೇರಿಕೊಂಡರು.

ಹುಬ್ಬಳ್ಳಿಯವನು ಕೂಗಿದ. "ಬಾಗಲದ ಸರ್ವರ್ ರೀ ಅದು!"

ಹಿರಿಯರು ಸರ್ವರ್ ರೂಮಿಗೆ ಓಡಿ ಕಾರ್ಡು ಹಿಡಿದರು. ಕೆಂಪು ದೀಪ. ಇನ್ನೊಮ್ಮೆ ಹಿಡಿದರು, ಮತ್ತೆ ಕೆಂಪು. ಬಾಗಿಲುಗಳನ್ನು ತೆರೆಯುವ ಯಂತ್ರ ಒಳಗಿತ್ತು, ಅದನ್ನು ಚಾಲೂ ಮಾಡಬೇಕಾದವರೆಲ್ಲ ಬಾಗಿಲಿನ ಹೊರಗಿದ್ದೆವು.

ಕೆಳಗಿನ ಕಾವಲುಗಾರರಿಗೆ ಫೋನ್ ಮಾಡಿ ಬೀಗದ ಕೈ ತರಲು ಹೇಳಿದೆವು. ಕಾಯುವಾಗ ನಾನೇ ಮೆಲ್ಲಗೆ, "ಇದಕ್ಕೂ ಒಂದು ಹೆಸರಿದೆಯಾ?" ಎಂದೆ.

"ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್" ಎಂದರು ಹಿರಿಯರು, ಗೋಡೆಗೆ ಒರಗಿಕೊಂಡು. "ಒಂದೇ ಒಂದು ಕೆಟ್ಟರೆ ಎಲ್ಲಾ ನಿಲ್ಲೋದು. ಇನ್ನೊಂದು ಹೆಚ್ಚಿಗೆ ಇದ್ದಿದ್ದರೆ ಈ ಪಾಡು ಇರ್ತಿರಲಿಲ್ಲ."

ಆ ಒಂದು ಮಾತು ಮಾತ್ರ, ಯಾರೂ ಏನನ್ನೂ ಹೋಲಿಸದೆ, ನನಗೆ ಪೂರ್ತಿ ಅರ್ಥವಾಯಿತು. ಗಾಜಿನಾಚೆ ನೇಮಕಾತಿಯವರೊಬ್ಬರು ನನಗೆ ಸನ್ನೆ ಮಾಡಿ ಏನಾಯಿತೆಂದು ಕೇಳುತ್ತಿದ್ದರು. ಸನ್ನೆಯಲ್ಲಿ ಅದನ್ನು ಹೇಳುವುದು ಹೇಗೆಂದು ತಿಳಿಯದೆ ಕೈ ಮುಗಿದೆ.

ಕಾವಲುಗಾರರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದು ಬೀಗದ ಕೈಗಳ ಗೊಂಚಲಿನಲ್ಲಿ ಒಂದೊಂದನ್ನೇ ಹಾಕಿ ನೋಡಿ ಕೊನೆಗೂ ತೆರೆದರು. ಪೆಟ್ಟಿಗೆ ಮತ್ತೆ ಗುಂಯ್ ಎಂದಿತು. ಕಾರಿಡಾರಿನ ತುದಿಯಲ್ಲಿ ಬಾಗಿಲು ತೆರೆದು ಜನ ಗದ್ದಲ ಮಾಡುತ್ತ ಒಳಗೆ ಬಂದರು.

ಕೈಪಿಡಿಯನ್ನು ಆಮೇಲೆ ಬರೆದು ಮುಗಿಸಿದೆ. ಕ್ಲೌಡಿನ ಪುಟಕ್ಕೆ ಇಬ್ಬರ ವಿವರಣೆಯನ್ನೂ ಹಾಕಿದೆ. ಇಬ್ಬರೂ ಒಬ್ಬರದನ್ನು ಇನ್ನೊಬ್ಬರು ತೆಗೆಸಲು ನೋಡಿದರು, ಮ್ಯಾನೇಜರ್ ಎರಡೂ ಇರಲಿ ಎಂದರು. ಬಾಗಿಲಿನ ಪೆಟ್ಟಿಗೆಯನ್ನೂ ಕ್ಲೌಡಿಗೆ ಕಳಿಸಿಬಿಡೋಣ ಎಂದು ಹುಬ್ಬಳ್ಳಿಯವನು ಹೊರಟಾಗ ನಾನೂ ಅಲ್ಲೇ ಇದ್ದೆ. "ಆಗ ಇಂಟರ್ನೆಟ್ ಹೋದರೆ ಬಾಗಿಲು ತೆರೆಯುತ್ತಾ?" ಎಂದು ಕೇಳಿದೆ. ಅವನು ತೆರೀತದ ಎಂದ, ಹಿರಿಯರು ತೆರೆಯಲ್ಲ ಎಂದರು. ಒಬ್ಬರು ಬೋರ್ಡಿನ ಮೇಲೆ ಚಿತ್ರ ಬರೆದರು, ಇನ್ನೊಬ್ಬರು ಅಳಿಸಿದರು. ವ್ಯಾನಿಗೆ ಹೊತ್ತಾಗಿತ್ತು. ಚೀಲ ತಗಲಿಸಿಕೊಂಡು, ಬಾಗಿಲು ತೆರೆದಿರುವಾಗಲೇ ಹೊರಟೆ.