ನಕ್ಕರೆ ಬೀಳುತ್ತಿದ್ದ ನಮ್ಮ ಭೂಮಿಕಾ

ಹೋದ ವರ್ಷ ಭತ್ತದ ನಾಟಿ ನಡೆದಿದ್ದ ಸಮಯ. ನಮ್ಮೂರು ಸಿಂಧನೂರು ಹತ್ತಿರದ ಗೊರೇಬಾಳ. ಏಳು ವರ್ಷದ ಮೊಮ್ಮಗಳು ಭೂಮಿಕಾಳನ್ನು ಕರೆದುಕೊಂಡು ಗದ್ದೆಗೆ ಬುತ್ತಿ ಒಯ್ಯುತ್ತಿದ್ದೆ. ಕಾಲುವೆ ದಂಡೆಯ ಮೇಲೆ ನಾನೇನೋ ಅಂದದ್ದಕ್ಕೆ ಕಿಲಕಿಲ ನಕ್ಕಳು. ನಗುತ್ತಲೇ ಮೊಣಕಾಲು ಮಡಚಿ, ಬಾಯಿ ಜೋತುಬಿದ್ದು, ಹಸಿ ಬಟ್ಟೆಯಂತೆ ಕುಸಿದಳು. ರಟ್ಟೆ ಹಿಡಿದು ಎಳೆಯದಿದ್ದರೆ ನೀರಿಗೇ ಹೋಗುತ್ತಿದ್ದಳು.

ಶಾಲೆಯಿಂದ ಮೊದಲೇ ದೂರು ಬರುತ್ತಿತ್ತು. ಬರೆಯುತ್ತ ಬರೆಯುತ್ತಲೇ ನಿದ್ದೆ, ಉಣ್ಣುತ್ತ ಕೂತಲ್ಲೇ ನಿದ್ದೆ. ಈಗ ಬೀಳುವುದೂ ಶುರುವಾಯಿತು. ಮೂರ್ಛೆ ಇರಬಹುದೆಂದು ಒಬ್ಬ ಡಾಕ್ಟರು ಗುಳಿಗೆ ಕೊಟ್ಟರು. ತಾಯತವನ್ನೂ ಕಟ್ಟಿಸಿದೆವು. ಯಾವುದಕ್ಕೂ ಜಗ್ಗಲಿಲ್ಲ.

"ಹೆಣ್ಣು ಕೂಸು ಅಷ್ಟು ನಗಬಾರ್ದಬೇ, ಕಣ್ಣು ಬಿದ್ದದ" ಎಂದಳು ಪಕ್ಕದ ಮನೆಯ ಕಾಶಮ್ಮ. ಅಂದಿನಿಂದ ಭೂಮಿಕಾಳ ಮುಂದೆ ಯಾರೂ ನಗಿಸುವ ಮಾತಾಡಬಾರದೆಂದು ಮನೆಯಲ್ಲಿ ಕಟ್ಟಪ್ಪಣೆಯಾಯಿತು. ಟಿವಿ ಬಂದ್, ಅವಳ ತಾತನ ಚೇಷ್ಟೆ ಬಂದ್. ನಗು ಬಂದರೆ ಕೂಸು ತಾನೇ ಬಾಯಿ ಮುಚ್ಚಿಕೊಂಡು ಗೋಡೆ ಹಿಡಿಯುತ್ತಿತ್ತು. ಅವಳ ಅಪ್ಪ, ನನ್ನ ಮಗನಂತೂ ಶಾಲೆ ಬಿಡಿಸುವ ಮಾತು ತೆಗೆದ.

ಮಸ್ಕಿಯಲ್ಲಿರುವ ಮಗಳು ಫೋನ್ ಮಾಡಿದಳು. "ಯವ್ವಾ, ಲಿಂಗಸುಗೂರಿನಾಗ ಮಕ್ಕಳ ಡಾಕ್ಟರಮ್ಮ ಒಬ್ಬಾಕಿ ಬಂದಾಳ. ಸಮಾಧಾನದಿಂದ ಕೇಳ್ತಾಳ. ಕರ್ಕೊಂಡು ಬಾ." ಮಗನೂ ನಾನೂ ಹೊರಟೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೂಸಿಗೆ ನನ್ನ ತೊಡೆಯ ಮೇಲೆ ನಿದ್ದೆ.

ಡಾಕ್ಟರಮ್ಮ ನಮ್ಮನ್ನಲ್ಲ, ಕೂಸನ್ನೇ ಕೇಳಿದರು. "ಬಿದ್ದಾಗ ನಿನಗ ಎಚ್ಚರ ಇರ್ತದೇನವಾ?"

"ಎಲ್ಲಾ ಕೇಳಸ್ತದ್ರಿ. ಆಯಿ ಅಳೋದೂ ಕೇಳಸ್ತದ. ಮಾತಾಡಾಕ ಬರಂಗಿಲ್ಲ ಅಷ್ಟ."

ಅವಳ ಆಯಿಯಾದ ನಾನು ದಂಗಾದೆ. ನಾವ್ಯಾರೂ ಅವಳನ್ನು ಅದನ್ನು ಕೇಳಿರಲೇ ಇಲ್ಲ.

"ಯಾವಾಗ ಬೀಳ್ತಾಳ?" ಎಂದರು. "ನಕ್ಕಾಗರಿ" ಎಂದೆ. ಅಂಥದ್ದೆಲ್ಲ ಹೇಳಬೇಡವೆಂದು ಮಗ ನನ್ನ ಸೆರಗು ಜಗ್ಗಿದ. ಡಾಕ್ಟರಮ್ಮ ಕುರ್ಚಿ ಬಿಟ್ಟೆದ್ದು ಕೂಸಿನ ಹಿಂದೆ ಬಂದು ನಿಂತರು. "ಈಗ ನಗಸ್ರಿ ಅಮ್ಮಾ. ನಾ ಹಿಡ್ಕೋತೀನಿ."

ಅವಳ ತಾತ ಕೆಸರಿನಲ್ಲಿ ಚಪ್ಪಲಿ ಸಿಕ್ಕಿಸಿಕೊಂಡು ಕೊಕ್ಕರೆಯಂತೆ ಒಂಟಿ ಕಾಲಲ್ಲಿ ನಿಂತು ಬಯ್ಯುವುದನ್ನು ಆ ಆಸ್ಪತ್ರೆಯಲ್ಲೇ ಮಾಡಿ ತೋರಿಸಿದೆ. ಎಷ್ಟೋ ದಿನದ ಮೇಲೆ ಕೂಸು ಬಾಯ್ತುಂಬ ನಕ್ಕಿತು. ನಕ್ಕು ಡಾಕ್ಟರಮ್ಮನ ಕೈಯಲ್ಲೇ ಕುಸಿಯಿತು. ಅವರು ಅವಳ ಮೊಣಕಾಲು ತಟ್ಟಿ, ಕಣ್ಣು ನೋಡಿದರು. ಸ್ವಲ್ಪ ಹೊತ್ತಿಗೆ ಅವಳು ತಾನೇ ಎದ್ದಳು.

"ಇದು ಮೂರ್ಛೆ ಅಲ್ಲ ಅನ್ನಸ್ತದ. ನಿದ್ದೀ ಬ್ಯಾನಿ. ನಾರ್ಕೋಲೆಪ್ಸಿ ಅಂತಾರ. ಇದರಾಗ ನಕ್ಕಾಗ ಮೈಯಾಗಿನ ಬಲ ಒಮ್ಮೆಲೇ ಹೋಗ್ತದ, ಎಚ್ಚರ ಮಾತ್ರ ಇರ್ತದ. ಕಣ್ಣೂ ಬಿದ್ದಿಲ್ಲ, ಸೋಮಾರಿನೂ ಅಲ್ಲ ನಿಮ್ಮ ಕೂಸು."

ನಾಲ್ಕನೇ ತರಗತಿ ಓದಿದ ನನಗೆ ಆ ಹೆಸರು ಹೇಳಲು ಈಗಲೂ ನಾಲಿಗೆ ತಿರುಗುವುದಿಲ್ಲ. ಭೂಮಿಕಾ ಬರೆದುಕೊಟ್ಟದ್ದನ್ನು ನೋಡಿ ಬರೆದಿದ್ದೇನೆ.

ಅವರು ಹೇಳಿದಂತೆ ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋದೆವು. ತಲೆಗೆ ವೈರು ಹಚ್ಚಿ, ರಾತ್ರಿಯೂ ಮರುದಿನ ಹಗಲೂ ಮಲಗಿಸಿ ನಿದ್ದೆಯನ್ನೇ ಪರೀಕ್ಷೆ ಮಾಡಿದರು. ಅದೇ ಬೇನೆ ಎಂದಾಯಿತು. ಪೂರ್ತಿ ಹೋಗುವುದಲ್ಲ, ಆದರೆ ಗುಳಿಗೆ ತಪ್ಪಿಸದೆ, ಹೊತ್ತಿಗೆ ಸರಿಯಾಗಿ ಮಲಗಿಸಿದರೆ ಹತೋಟಿಗೆ ಬರುತ್ತದೆ ಎಂದರು. ಈಗ ಶಾಲೆಯಲ್ಲಿ ಊಟವಾದ ಮೇಲೆ ಟೀಚರೇ ಚಾಪೆ ಹಾಸಿ ಸ್ವಲ್ಪ ಮಲಗಿಸುತ್ತಾರೆ. ಎದ್ದರೆ ಅವಳದೇ ದೊಡ್ಡ ಬಾಯಿ! ಕಾಲುವೆ ಕಡೆ ಮಾತ್ರ ಒಬ್ಬಳನ್ನೇ ಬಿಡುವುದಿಲ್ಲ.

ಮೊನ್ನೆ ಗದ್ದೆಯಲ್ಲಿ ಅವಳ ತಾತನ ಚಪ್ಪಲಿ ನಿಜವಾಗಿಯೂ ಕೆಸರಿನಲ್ಲಿ ಸಿಕ್ಕಿತು. ಭೂಮಿಕಾ ಹೋ ಎಂದು ನಕ್ಕಳು. ಎಲ್ಲಿ ಬೀಳುತ್ತಾಳೋ ಎಂದು ಹಿಡಿಯಲು ಓಡಿದೆ. ಓಡಿದವಳು ಜಾರಿ ಕೆಸರಿಗೆ ಬಿದ್ದೆ.

"ಆಯೀ, ನಾ ನಿಂತೀನಿ, ನೀನ ಬಿದ್ದಿ ನೋಡು!" ಎಂದು ಅವಳು ಇನ್ನಷ್ಟು ನಕ್ಕಳು. ನಾನು ಏಳಲಿಲ್ಲ. ಮೈಯೆಲ್ಲ ಕೆಸರಾಗಿ ಅಲ್ಲೇ ಕೂತು, ಕೂಸು ನಿಂತು ನಗುವುದನ್ನು ಕಣ್ತುಂಬ ನೋಡಿದೆ.